ವಾಮದೇವಪ್ಪನವರ ರಾಜಿ ಗಿಟಾರು

ಮನುಷ್ಯ ಸುಳ್ಳು ಹೇಳಬಾರದು ಅಂತ ನಾನು ಹೇಳುವುದಿಲ್ಲ. ನಾನೇ ಹೇಳುತ್ತೇನೆ. ಆದರೆ ಹೇಳುವ ಮೊದಲು, ‘ಎಲ್ಲಿ, ಒಂದ್ಸಲ ಬಾರಿಸಿ ತೋರಿಸಿ’ ಅಂತ ಯಾರಾದರೂ ಕೇಳಿಯಾರೇ ಎಂದು ಅರೆಗಳಿಗೆ ಯೋಚಿಸಬೇಕು. ನಮ್ಮ ಮನೆ ಮಾಲೀಕರಾದ ವಾಮದೇವಪ್ಪನವರು ಯೋಚಿಸಲಿಲ್ಲ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವರ ಮನೆ. ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಗೆ ನಾನು. ನನ್ನ ಹೆಸರು ಕೊಟ್ಟೂರೇಶ್, ನಿವೃತ್ತ ಭೂಗೋಳದ ಮೇಷ್ಟ್ರು. ವಾಮದೇವಪ್ಪನವರಿಗೆ ಐವತ್ತೇಳು ವಯಸ್ಸು, ಕೋರ್ಟಿನ ಹತ್ತಿರ ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿ. ಹೆಂಡತಿ ಕಸ್ತೂರಮ್ಮ. ಒಬ್ಬಳೇ ಮಗಳು ರೂಪಶ್ರೀ, ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆ ಮನೆಯಲ್ಲಿ ಮಿಕ್ಸಿ ಬಿಟ್ಟರೆ ಸದ್ದು ಮಾಡುವ ಬೇರೆ ವಾದ್ಯ ಇರಲಿಲ್ಲ.

ರೂಪಶ್ರೀಯನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬಂದ ದಿನ ನಾನೂ ಅಲ್ಲಿದ್ದೆ. ಹಿರಿಯರೊಬ್ಬರು ಇರಲಿ ಅಂತ ಕರೆದಿದ್ದರು. ಉಪ್ಪಿಟ್ಟು ಚೆನ್ನಾಗಿತ್ತು. ಹುಡುಗ ಬಸವಪ್ರಭು ನಂದಿಗುಡಿಯಲ್ಲಿ ವಿಜ್ಞಾನ ಮೇಷ್ಟ್ರು, ಮಾತು ಕಡಿಮೆ, ನಗು ಜಾಸ್ತಿ. ಅವನ ತಂದೆ ಕರಿಬಸವರಾಜ ಭತ್ತದ ವ್ಯಾಪಾರಿ, ಅವರದು ಪೂರ್ತಿ ತಿರುವುಮುರುವು. ಕೇಸರಿಬಾತು ಬರುವ ಹೊತ್ತಿಗೆ ಅವರು ತಮ್ಮ ವಂಶದ ಮೂರು ತಲೆಮಾರು ಮುಗಿಸಿ ಸಂಗೀತಕ್ಕೆ ಬಂದಿದ್ದರು.

“ನಮ್ಮನೇಲಿ ಎಲ್ರಿಗೂ ಸಂಗೀತದ ಹುಚ್ಚು ನೋಡ್ರಿ. ನಮ್ಮವ್ವ ಹಾಲಮ್ಮ ಸೋಬಾನೆ ಹಾಡಿದ್ರೆ ಓಣಿ ಓಣಿ ನಿಂತು ಕೇಳ್ತೈತೆ. ನಾನು ಭಜನೇಲಿ ತಾಳ. ನಮ್ಮ ಹುಡುಗ ಗಿಟಾರು. ನಿಮ್ಮನೇಲಿ ಯಾರಿಗೆ ಐತೆ ಸಂಗೀತ?”

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ವಾಮದೇವಪ್ಪ ಚಮಚ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, “ನಾನೂ ಗಿಟಾರ್ ಬಾರಿಸ್ತೀನ್ರಿ” ಅಂದರು.

ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದ ಕಸ್ತೂರಮ್ಮ ನಿಂತಲ್ಲೇ ನಿಂತರು. ಬಸವಪ್ರಭುವಿನ ಮುಖ ಅರಳಿತು. “ಹೌದಾ ಮಾವ? ಹಂಗಾದ್ರೆ ನಿಶ್ಚಯದ ದಿನ ನೀವೊಂದು ಬಾರಿಸ್ಲೇಬೇಕು!” ಅಂದ. ಇನ್ನೂ ಮಾತೇ ಪಕ್ಕಾ ಆಗದೆ ಹುಡುಗ ಮಾವ ಅಂದದ್ದು ಕೇಳಿ ರೂಪಶ್ರೀ ತಲೆ ತಗ್ಗಿಸಿ ನಕ್ಕಳು. ಆ ನಗು ನೋಡಿದ ವಾಮದೇವಪ್ಪ, “ಅದಕ್ಕೇನಂತೆ, ಬಾರಿಸಿದ್ರಾಯ್ತು” ಅಂದುಬಿಟ್ಟರು. ನಿಶ್ಚಯಕ್ಕೆ ಹತ್ತು ವಾರ ಬಿಟ್ಟು ಒಂದು ಭಾನುವಾರ ಗೊತ್ತಾಯಿತು.

ಬಂದವರ ಕಾರು ತಿರುವು ದಾಟುವಷ್ಟರಲ್ಲಿ ಕೆಳಗೆ ವಿಚಾರಣೆ ಶುರುವಾಯಿತು.

“ಯಾವಾಗ ಕಲ್ತ್ರಿ ಗಿಟಾರು?”

“ಮದ್ವೆಗೆ ಮುಂಚೆ.”

“ಮದ್ವೆಗೆ ಮುಂಚೆ ನಿಮಗೆ ಶೀಟಿ ಹೊಡಿಯಾಕೂ ಬರ್ತಿರ್ಲಿಲ್ಲ.”

“ನಿನಗೆಲ್ಲಾ ಹೇಳಿಕೊಂಡು ತಿರುಗ್ತಿದ್ನಾ? ಕೈ ಬಿಟ್ಟು ಬಾಳ ದಿನ ಆಯ್ತು, ಸ್ವಲ್ಪ ನೆನಪು ಮಾಡ್ಕೋಬೇಕು ಅಷ್ಟೇ.”

ಆ ವಾರವೇ ಒಂದು ಹಳೆ ಗಿಟಾರು ಬಂತು. ಕೋರ್ಟಿನ ವಕೀಲರೊಬ್ಬರು ಅಟ್ಟದ ಮೇಲಿಟ್ಟು ಮರೆತದ್ದು. ಅದನ್ನು ಕಲಿಸುವವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ. ಆದರೆ ಮದುವೆಗೆ ಮುಂಚೆಯೇ ಕಲಿತವರು ಊರೊಳಗೆ ಕಲಿಯಲು ಹೋಗುವುದು ಹೇಗೆ? ಹಾಗಾಗಿ, ಅದು ಗಂಡಿನ ಕಡೆಯವರ ಊರೇ ಅಂತಲೂ ಯೋಚಿಸದೆ, ಅವರು ಹರಿಹರದ ಜಮಾಲುದ್ದೀನ್ ಅವರನ್ನು ಹುಡುಕಿಕೊಂಡು ಹೋದರು. ಬಸ್ ಸ್ಟ್ಯಾಂಡ್ ಹಿಂದೆ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಅಂಗಡಿ ಅವರದು. ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸಿದವರು. ಅಲ್ಲಿ ನಡೆದದ್ದನ್ನು ಜಮಾಲ್‌ಸಾಬರೇ ಆಮೇಲೆ ನನಗೆ ಹೇಳಿದ್ದರಿಂದ ಇದರಲ್ಲಿ ನನ್ನ ಕೈವಾಡ ಕಡಿಮೆ.

“ಎಷ್ಟು ದಿನದಾಗೆ ಕಲೀಬೇಕು ಅಂತೀರಿ?”

“ಹತ್ತು ವಾರ.”

“ಹತ್ತು ವಾರದಾಗೆ ಗಿಟಾರಿಗೆ ಒಂದು ಚಂದದ ಚೀಲ ಹೊಲೀಬೋದು ಅಣ್ಣಾರೆ” ಅಂದರು ಜಮಾಲ್‌ಸಾಬರು. ಆದರೂ ಮೂರು ಬೆರಳನ್ನು ಮೂರು ತಂತಿಯ ಮೇಲೆ ಇಡಲು ಹೇಳಿದರು. ಮೂವತ್ತು ವರ್ಷ ರಬ್ಬರ್ ಅಕ್ಷರ ಜೋಡಿಸಿ, ಒತ್ತಿ ಒತ್ತಿ ಬಿರುಸಾದ ಬೆರಳುಗಳು. ಮೂರೂ ಒಂದೇ ತಂತಿಗೆ ಬಿದ್ದವು. ಯಾರೂ ಕರೆಯದಿದ್ದ ನಾಲ್ಕನೆಯದೂ ಬಂದು ಪಕ್ಕದಲ್ಲಿ ಕೂತಿತು. ಹೊಡೆದಾಗ ಬಂದ ಸದ್ದಿಗೆ ಒಳಗಿಂದ ಸಾಬರ ಹೆಂಡತಿ ನೂರ್ಜಹಾನ್ ಬೀಬಿ, “ಏನ್ರೀ ಅದು ಬಿದ್ದಿದ್ದು?” ಅಂತ ಕೇಳಿದರು.

ಎರಡು ಭಾನುವಾರ ಇದೇ ಆಯಿತು. ಮೂರನೆಯ ಭಾನುವಾರ ವಾಮದೇವಪ್ಪನವರ ಕಣ್ಣಲ್ಲಿ ನೀರು ನೋಡಿ ಜಮಾಲ್‌ಸಾಬರು ಗಿಟಾರನ್ನು ತಮ್ಮ ತೊಡೆ ಮೇಲೆ ಎಳೆದುಕೊಂಡರು.

“ನೋಡ್ರಿ ಅಣ್ಣಾರೆ, ಎಲ್ರೂ ಬಾರಿಸೋ ಗಿಟಾರಿನಾಗೆ ಈ ಆರು ತಂತಿ ಪಾಲಾದ ಅಣ್ತಮ್ಮಂದಿರಿದ್ದಂಗೆ. ಒಬ್ಬೊಬ್ಬ ಒಂದೊಂದು ಮಾತಾಡ್ತಾನೆ. ಬೆರಳಿಟ್ಟು ರಾಜಿ ಮಾಡಿಸ್ಬೇಕು. ನಿಮ್ಮ ಬೆರಳಿಗೆ ಆ ಪಂಚಾಯ್ತಿ ಮಾಡೋ ತಾಕತ್ ಇಲ್ಲ. ಫಿಕರ್ ಮಾಡಬ್ಯಾಡ್ರಿ, ಮೊದ್ಲೇ ರಾಜಿ ಮಾಡ್ಸಿ ಕೊಡ್ತೀನಿ.”

ಹಾಗೆಂದವರೇ ತುದಿಯ ಬಿರಡೆಗಳನ್ನು ತಿರುಗಿಸಿ ನಾಲ್ಕು ತಂತಿ ಇಳಿಸಿದರು, ಎರಡನ್ನು ಇದ್ದ ಹಾಗೇ ಬಿಟ್ಟರು. “ಸ, ಪ, ಸ, ಗ, ಪ, ಸ. ಈಗ ಏನೂ ಹಿಡಿಯದೆ ಸುಮ್ನೆ ಮೀಟ್ರಿ” ಅಂದರು.

ವಾಮದೇವಪ್ಪ ಮೀಟಿದರು. ಧೋಂ ಅಂತ ಅಂಗಡಿ ತುಂಬಾ ಒಂದು ನಾದ ಎದ್ದಿತು. ಗೋಡೆಗೆ ನೇತುಹಾಕಿದ್ದ ತಬಲಾ ಕೂಡ ಸಣ್ಣಗೆ ಗುಂಯ್ ಅಂದಿತು.

“ನಾನೇನೂ ಹಿಡೀಲೇ ಇಲ್ಲ ಸಾಬ್ರೆ!”

“ಹಿಡೀಬ್ಯಾಡ್ರಿ. ಅದೇ ಇದರ ಸುಖ.”

ಆಮೇಲೆ ಜಮಾಲ್‌ಸಾಬರು ಎರಡಂಗುಲದ ಒಂದು ಕಬ್ಬಿಣದ ಪೈಪಿನ ತುಂಡನ್ನು ಉಜ್ಜಿ ನುಣುಪು ಮಾಡಿ ಅವರ ಕಿರುಬೆರಳಿಗೆ ತೊಡಿಸಿದರು. ಅದನ್ನು ತಂತಿಗಳ ಮೇಲೆ ಹಗುರವಾಗಿ ಜಾರಿಸಿದರೆ ಸಾಕು. ಗಿಟಾರಿನ ಕತ್ತಿನ ಮೇಲಿನ ಐದನೇ ಮೆಟ್ಟಿಲಿಗೆ ಒಂದು ನಾದ, ಏಳಕ್ಕೆ ಇನ್ನೊಂದು, ಎತ್ತಿಬಿಟ್ಟರೆ ಮತ್ತೆ ಮನೆಗೆ ಬಂದ ಹಾಗೆ ಧೋಂ. ಐದು, ಏಳು, ಸೊನ್ನೆ. ಇಷ್ಟೇ ವಿದ್ಯೆ. ಬಾರಿಸಲು ಒಂದು ಧಾಟಿ ಬೇಕಲ್ಲ? ವಾಮದೇವಪ್ಪನವರಿಗೆ ಬರುತ್ತಿದ್ದದ್ದು ಒಂದೇ: ರೂಪಶ್ರೀ ತೊಟ್ಟಿಲಲ್ಲಿದ್ದಾಗ ಕಸ್ತೂರಮ್ಮ ಗುನುಗುತ್ತಿದ್ದ ಲಾಲಿ.

“ಆದ್ರೆ ಒಂದು ಮಾತು” ಅಂದರು ಜಮಾಲ್‌ಸಾಬರು. “ಈ ಬಿರಡೆ ಒಂದೂ ತಿರುಗಿಸ್ಬ್ಯಾಡ್ರಿ, ಯಾರಿಗೂ ಮುಟ್ಟಾಕೆ ಕೊಡಬ್ಯಾಡ್ರಿ. ತಿರುಗಿದ್ರೆ ರಾಜಿ ಮುರೀತು. ಪ್ರತಿ ಭಾನುವಾರ ತನ್ರಿ, ನಾನು ಸರಿ ಮಾಡ್ತೀನಿ. ಹಂಗೇ ನೀವೂ ಶ್ರುತಿ ಕೂಡಿಸೋದು ಕಲ್ತುಬಿಡ್ರಿ.”

“ಅದು ಆಮೇಲೆ ಸಾಬ್ರೆ” ಅಂದರು ವಾಮದೇವಪ್ಪ. ಉಳಿದ ವಾರಗಳಲ್ಲೂ ಅವರು ಇದೇ ಉತ್ತರ ಕೊಟ್ಟರು.

ಇತ್ತ ಮನೆಯಲ್ಲಿ, ಭಾನುವಾರವಾದರೆ ಗಿಟಾರನ್ನು ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ಎಲ್ಲಿಗೆ ಹೋಗುತ್ತೀರಿ ಎಂಬ ಪ್ರಶ್ನೆ ಮೊದಲ ವಾರವೇ ಬಂದಿತ್ತು. ವಾಮದೇವಪ್ಪ ಬಾಗಿಲಲ್ಲಿ ನಿಂತು ಒಂದು ಗಳಿಗೆ ಆಕಾಶ ನೋಡಿ, “ಉಕ್ಕಡಗಾತ್ರಿಗೆ” ಅಂದಿದ್ದರು. “ರೂಪಾನ ಮದ್ವೆ ಸುಸೂತ್ರ ಆಗ್ಲಿ ಅಂತ ಹತ್ತು ವಾರದ ಹರಕೆ.”

“ಗಿಟಾರ್ ಯಾಕ?”

“ಅಜ್ಜಯ್ಯನ ಮುಂದೆ ಇಟ್ಟು ತರ್ತೀನಿ.”

ಇಲ್ಲಿ ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಉಕ್ಕಡಗಾತ್ರಿಯ ಅಜ್ಜಯ್ಯ, ಅಂದರೆ ಕರಿಬಸವೇಶ್ವರನಿಗೆ, ಎಲ್ಲ ಬಗೆಯ ಹರಕೆಯವರೂ ನಡೆದುಕೊಳ್ಳುತ್ತಾರೆ. ಆದರೆ ಗಾಳಿ ಸೋಂಕಿದೆ, ಮೈಮೇಲೆ ಏನೋ ಬಂದಿದೆ ಅನ್ನುವವರನ್ನೂ ಅಲ್ಲಿಗೇ ಕರೆದುಕೊಂಡು ಹೋಗುವ ರೂಢಿ. ಒಬ್ಬ ಗಂಡಸು ವಾರವಾರ ತಪ್ಪದೆ ಅಲ್ಲಿಗೆ ಹೋಗುತ್ತಾನೆ ಅಂದರೆ ನಮ್ಮ ಕಡೆ ಜನ ಮೊದಲು ಕೈಮುಗಿಯುತ್ತಾರೆ, ಆಮೇಲೆ ಸ್ವಲ್ಪ ದೂರ ಕೂಡುತ್ತಾರೆ. ಅದರ ಮೇಲೆ ವಾಮದೇವಪ್ಪ ಮನೆಯಲ್ಲಿ, “ಆ ಗಿಟಾರನ್ನ ಯಾರೂ ಮುಟ್ಟಬಾರ್ದು” ಅಂತ ಕಟ್ಟಪ್ಪಣೆ ಮಾಡಿದರು. ಯಾಕೆ ಅಂದರೆ ಹೇಳುವಂತಿಲ್ಲ. ಮದುವೆಗೆ ಮುಂಚೆಯೇ ಕಲಿತವನಿಗೆ ತಂತಿ ಕೂಡಿಸಲು ಬರುವುದಿಲ್ಲವೇ ಅಂದಾರು.

ಪಕ್ಕದ ಮನೆ ಅನ್ನಪೂರ್ಣಮ್ಮನವರು ಕೆಟ್ಟವರಲ್ಲ. ಅವರ ಮನೆಗೂ ಇವರ ಮನೆಗೂ ಒಂದೇ ಗೋಡೆ, ತಪ್ಪು ಗೋಡೆಯದು. ದಿನಾ ಸಂಜೆ ಆರರಿಂದ ಏಳರವರೆಗೆ ಮುಚ್ಚಿದ ಬಾಗಿಲ ಹಿಂದೆ ಒಂದೇ ಸದ್ದು: ಧೋಂ. ಆಮೇಲೆ ನಾಯಿ ದೂರದಲ್ಲಿ ಅತ್ತಂತೆ ಊಂಯ್ ಅಂತ ಜಾರುವ ಸ್ವರ. ಮತ್ತೆ ಧೋಂ. ಆಗೀಗ “ಐದು... ಏಳು... ಅಯ್ಯೋ, ಸೊನ್ನೆ!” ಎಂಬ ಗಂಡಸಿನ ನರಳಾಟ. ಮಹಡಿಯಲ್ಲಿದ್ದ ನನಗಂತೂ ಆ ಧೋಂ ಅಂಗಾಲಿನಿಂದಲೇ ಕೇಳಿಸುತ್ತಿತ್ತು. ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ನನಗೆ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

ಐದನೇ ವಾರ ಆ ಕಬ್ಬಿಣದ ಕೊಳವೆ ಅವರ ಬೆರಳಿಗೆ ಸಿಕ್ಕಿಕೊಂಡಿತು. ಕಸ್ತೂರಮ್ಮ ಹರಳೆಣ್ಣೆ ಸುರಿದು ಎಳೆಯುತ್ತಿದ್ದಾಗ ಅನ್ನಪೂರ್ಣಮ್ಮ ಕರಿಬೇವು ಕೇಳಲು ಬಂದರು. ಕಬ್ಬಿಣ ನೋಡಿದರು. ಮೈಮೇಲೆ ಕಬ್ಬಿಣ ಯಾಕೆ ಇಟ್ಟುಕೊಳ್ಳುತ್ತಾರೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರಿಬೇವು ಮರೆತು ಕಸ್ತೂರಮ್ಮನನ್ನು ಹಿತ್ತಲಿಗೆ ಕರೆದರು.

“ಕಸ್ತೂರಕ್ಕ, ಮುಚ್ಚಿಡಬ್ಯಾಡ. ಯಾವಾಗಿಂದ ಐತೆ ಇದು ನಿಮ್ಮನೆಯವರಿಗೆ?”

“ಯಾವುದು?”

“ಗಾಳಿ. ಹಳೇ ಗಿಟಾರು, ಯಾರ ಮನೇದೋ ಏನೋ. ಅದರಾಗೇ ಕೂತು ಬಂದೈತೆ. ಅದಕ್ಕೇ ಯಾರೂ ಮುಟ್ಟಂಗಿಲ್ಲ, ಅದಕ್ಕೇ ಉಕ್ಕಡಗಾತ್ರಿ, ಅದಕ್ಕೇ ಕಬ್ಬಿಣ!”

“ಸುಮ್ನಿರು ಅನ್ನಪೂರ್ಣಿ. ನಮ್ಮನೆಯವರಿಗೆ ದೆವ್ವ ಬಡಿದ್ರೆ ತ್ರಾಸು ದೆವ್ವಕ್ಕೇ ಆಗೋದು” ಅಂದರು ಕಸ್ತೂರಮ್ಮ. ಆದರೂ ಆ ರಾತ್ರಿ ಗಂಡನ ದಿಂಬಿನ ಕೆಳಗೆ ಒಂದು ನಿಂಬೆಹಣ್ಣು ಇಟ್ಟರು. ಯಾತಕ್ಕೂ ಇರಲಿ ಅಂತ.

ಕೊಳವೆ ಮಾರನೇ ದಿನವೂ ಬರಲಿಲ್ಲ. ಅದನ್ನು ತೊಟ್ಟುಕೊಂಡೇ ಅಂಗಡಿಗೆ ಹೋದರು. ಒಂದು ಸರ್ಕಾರಿ ಕಚೇರಿಯವರು ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಹೇಳಿದ್ದರು. ಐದು, ಏಳು, ಸೊನ್ನೆ ಎನ್ನುತ್ತಾ ವಾಮದೇವಪ್ಪ ಮಾಡಿಕೊಟ್ಟದ್ದು ‘ತಿರಸ್ಕರಿಸಲಾಗಿದೆ’. ಮಧ್ಯಾಹ್ನದ ಹೊತ್ತಿಗೆ ಆ ಕಚೇರಿಯ ಗುಮಾಸ್ತ ಹರೀಶ ಬೆವರು ಸುರಿಸುತ್ತಾ ಓಡಿಬಂದ.

“ಏನ್ ಸ್ವಾಮಿ ಇದು! ಬೆಳಗಿಂದ ನೂರಾ ನಲವತ್ತು ಅರ್ಜಿ ತಿರಸ್ಕಾರ ಆಗ್ಯಾವೆ!”

“ಜನ ಜಗಳ ಮಾಡಿದ್ರೇನ್ರಿ?”

“ಎಲ್ಲಿ ಜಗಳ? ಒಬ್ರಾದ್ರೂ ಕೇಳಿದ್ರೆ ಅಲ್ಲೇ ಗೊತ್ತಾಗ್ತಿತ್ತು. ರೂಢಿ ಐತಲ್ಲ, ಸುಮ್ನೆ ತಗೊಂಡು ಹೋದ್ರು. ಸಾಹೇಬ್ರ ಭಾವಮೈದುನನ ಅರ್ಜಿಗೂ ಬಿದ್ದ ಮೇಲೇ ಬೆಳಕಿಗೆ ಬಂತು!”

ಹೇಳುತ್ತಾ ಹೇಳುತ್ತಾ ಹರೀಶನ ಕಣ್ಣು ಆ ಕಬ್ಬಿಣದ ಬೆರಳಿನ ಮೇಲೆ ಬಿತ್ತು. ಸದ್ದಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದ. “ಅವಸರ ಏನಿಲ್ರಿ, ನಿಮಗೆ ಆರಾಮಾದ ಮೇಲೆ ಮಾಡಿಕೊಡ್ರಿ” ಎಂದು ಹೊರಟೇಹೋದ. ಸಂಜೆಯೊಳಗೆ ಕೋರ್ಟಿನ ಸುತ್ತಮುತ್ತ ಸುದ್ದಿ ಹರಡಿತ್ತು.

ನಾನು ಮಾತ್ರ ಯಾರಿಗೂ ಹೇಳಲಿಲ್ಲ. ಹರಿಹರದಲ್ಲಿರುವ ನನ್ನ ನಾದಿನಿಗೆ ಒಬ್ಬಳಿಗೆ ಹೇಳಿದೆ, ಅದೂ ಆಣೆ ಹಾಕಿಸಿಕೊಂಡು.

ಒಂಬತ್ತನೇ ವಾರ ಕರಿಬಸವರಾಜರ ಫೋನು ಬಂತು. ವಾಮದೇವಪ್ಪ ಫೋನನ್ನು ಯಾವಾಗಲೂ ಸ್ಪೀಕರಿಗೇ ಹಾಕುತ್ತಾರೆ. ನಾನು ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದೆ.

“ಬೀಗ್ರೆ, ತಪ್ಪು ತಿಳೀಬ್ಯಾಡ್ರಿ. ನೀವು ವಾರವಾರ ಉಕ್ಕಡಗಾತ್ರಿಗೆ ಹೋಗ್ತೀರಂತೆ?”

“ಹೌದ್ರಿ. ಹರಕೆ.”

“ನಮ್ಮನೆ ದೇವ್ರೇ ಅದು. ನನಗೆ ಹೆಸರಿಟ್ಟಿದ್ದೂ ಅಜ್ಜಯ್ಯನದೇ. ಹೋದ ಎರಡು ಭಾನುವಾರ ನಾವೂ ಇಡೀ ದಿನ ಅಲ್ಲೇ ಇದ್ವಿ. ನೀವು ಕಾಣ್ಲಿಲ್ಲಲ್ಲ?”

“ಗದ್ದಲ... ಗದ್ದಲ ಇತ್ತು.”

ಆ ಕಡೆ ಒಂದು ಉಸಿರು ಕೇಳಿಸಿತು. “ನಮ್ಮವ್ವನ ಕಿವಿಗೆ ಏನೇನೋ ಬಿದ್ದೈತೆ ಬೀಗ್ರೆ. ಹೆಣ್ಣಿನ ತಂದೆಗೆ ಆರಾಮಿಲ್ಲ ಅಂತಾರಲ್ಲ, ನಿಜಾನಾ ಅಂತ ಕುಂತಾಳೆ. ಭಾನುವಾರ ನಾವು ಬರ್ತೀವಿ. ಅವ್ವ ತಾನೇ ನಿಮ್ಮನ್ನ ನೋಡ್ತಾಳಂತೆ. ಅವ್ವ ಹೂಂ ಅಂದ್ರೆ ಉಂಗುರ ಹಾಕಿಸ್ತೀವಿ. ಇಲ್ಲಾಂದ್ರೆ ಉಪ್ಪಿಟ್ಟು ತಿಂದು ವಾಪಸ್ ಬರ್ತೀವಿ.”

ಫೋನಿಟ್ಟ ಮೇಲೆ ರೂಪಶ್ರೀ ಹೊರಗೆ ಬಂದು ಅಪ್ಪನ ಮುಂದೆ ನೆಲಕ್ಕೆ ಕೂತಳು.

“ಅಪ್ಪಾ, ನಂಗೆ ಬಸವಪ್ರಭು ಇಷ್ಟ ಆಗ್ಯಾರೆ. ಈ ಸಂಬಂಧ ತಪ್ಪಿದ್ರೆ ನಂಗೆ ಬಾಳ ಬೇಜಾರಾಗ್ತೈತೆ. ಏನಾಗೈತೆ ನಿಮಗೆ? ನಿಜ ಹೇಳ್ರಿ.”

ವಾಮದೇವಪ್ಪನವರ ಬಾಯಿ ತೆರೆಯಿತು. ನಿಜ ತುಟಿಯವರೆಗೆ ಬಂದದ್ದನ್ನು ನಾನು ಮೆಟ್ಟಿಲಿನಿಂದಲೇ ನೋಡಿದೆ. “ಏನೂ ಆಗಿಲ್ಲ ಕಣಮ್ಮಾ. ಭಾನುವಾರ ಬಾರಿಸ್ತೀನಲ್ಲ, ಎಲ್ರಿಗೂ ಗೊತ್ತಾಗ್ತೈತೆ” ಅಂದರು. ಅವತ್ತು ಮೊದಲ ಸಲ ನನಗೆ ನನ್ನ ನಾದಿನಿಯ ಮೇಲೆ ಸಿಟ್ಟು ಬಂತು.

ನಿಶ್ಚಯದ ದಿನ ಬಂತು. ಹಿಂದಿನ ದಿನವೇ ವಾಮದೇವಪ್ಪ ಹರಿಹರಕ್ಕೆ ಹೋಗಿ ರಾಜಿ ಬಿಗಿ ಮಾಡಿಸಿಕೊಂಡು ಬಂದಿದ್ದರು. ಗಿಟಾರನ್ನು ಒಳಕೋಣೆಯ ಮಂಚದ ಮೇಲೆ ಶಾಲು ಹೊದಿಸಿ ಮಲಗಿಸಿದ್ದರು. ಹತ್ತು ಗಂಟೆಗೆ ಎರಡು ಕಾರು ತುಂಬಾ ಜನ ಇಳಿದರು. ಎಲ್ಲರಿಗಿಂತ ಕೊನೆಗೆ ಹಾಲಮ್ಮಜ್ಜಿ. ಎಂಬತ್ತೆರಡು ವರ್ಷ, ನಾಲ್ಕೂವರೆ ಅಡಿ, ಹಣೆ ತುಂಬ ವಿಭೂತಿ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಒಲೆ ಮೇಲೆ ಹಾಲೂ ಏರುವುದಿಲ್ಲ. ಬಂದವರೇ ವಾಮದೇವಪ್ಪನವರ ಎದುರು ಕುರ್ಚಿ ಹಾಕಿಸಿಕೊಂಡು ಕೂತು, ಕಣ್ಣು ಮಿಟುಕಿಸದೆ ನೋಡತೊಡಗಿದರು. ವಾಮದೇವಪ್ಪ ಬೆವರಿದರು. ಅಜ್ಜಿ ಸೊಸೆಯ ಕಡೆ ತಿರುಗಿ, “ಬೆವರ್ತಾನೆ” ಅಂದರು.

ಅತ್ತ ಮದುಮಗನನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ಅಲ್ಲೇ ಎಡವಟ್ಟಾಯಿತು. ಬಸವಪ್ರಭು ಒಳ್ಳೆಯ ಹುಡುಗ, ವಿಜ್ಞಾನದ ಮೇಷ್ಟ್ರು. ಮಾವನ ಗಿಟಾರು ಹೇಗಿದೆಯೋ ಅಂತ ಶಾಲು ಸರಿಸಿ ಒಂದೊಂದೇ ತಂತಿ ಮೀಟಿ, ಮೊಬೈಲಿನಲ್ಲಿ ಶ್ರುತಿ ನೋಡುವ ಆ್ಯಪ್ ಹಚ್ಚಿದ. ಆರರಲ್ಲಿ ನಾಲ್ಕು ತಂತಿಗೆ ಕೆಂಪು ದೀಪ. ಪಾಪ, ವಯಸ್ಸಾದವರು, ಕಿವಿ ಮಂದ ಇರಬೇಕು, ಎಲ್ಲರ ಮುಂದೆ ಮರ್ಯಾದೆ ಹೋಗಬಾರದು ಅಂದುಕೊಂಡು ನಾಲ್ಕೂ ತಂತಿಯನ್ನು ಎಲ್ಲರ ಗಿಟಾರಿನಂತೆ ಏರಿಸಿ, ಹಸಿರು ದೀಪ ಬರಿಸಿ, ಕರವಸ್ತ್ರದಿಂದ ಒರೆಸಿ, ಶಾಲು ಮೊದಲಿನಂತೆಯೇ ಹೊದಿಸಿಟ್ಟ. ಏಳು ವಾರದ ರಾಜಿ ಏಳು ನಿಮಿಷದಲ್ಲಿ ಮುರಿಯಿತು.

“ಹೂಂ, ಬಾರಿಸಪ್ಪಾ. ಏನೋ ಬಾರಿಸ್ತೀಯಂತಲ್ಲ” ಅಂದರು ಅಜ್ಜಿ.

ನಲವತ್ತು ಜನ ನಡುಮನೆಯಲ್ಲಿ. ವಾಮದೇವಪ್ಪ ಗಿಟಾರು ತೊಡೆಯ ಮೇಲಿಟ್ಟುಕೊಂಡರು. ಕಬ್ಬಿಣದ ಕೊಳವೆ ತೊಟ್ಟರು. ಅದನ್ನು ನೋಡಿ ಗಂಡಿನ ಕಡೆಯ ಹೆಂಗಸರು ಒಬ್ಬರ ಮೊಣಕೈಯನ್ನು ಒಬ್ಬರು ತಿವಿದರು. ವಾಮದೇವಪ್ಪ ಕಣ್ಣುಮುಚ್ಚಿ, ದೇವರನ್ನು ನೆನೆದು, ಆರೂ ತಂತಿ ಸೇರಿಸಿ ಮೀಟಿದರು.

ಆ ಸದ್ದನ್ನು ಹೇಗೆ ಹೇಳಲಿ! ಪಾತ್ರೆ ಅಂಗಡಿಯ ಕಪಾಟು ಮಗುಚಿದ ಹಾಗಿತ್ತು. ವಾಮದೇವಪ್ಪ ಬೆಚ್ಚಿಬಿದ್ದು ಕೊಳವೆಯನ್ನು ಐದಕ್ಕೆ ಜಾರಿಸಿದರು, ಇನ್ನೂ ಕೆಟ್ಟಿತು. ಏಳಕ್ಕೆ ಹೋದರು, ಪಕ್ಕದ ಮನೆಯ ನಾಯಿ ಬೊಗಳಿತು. “ಸೊನ್ನೆ! ಸೊನ್ನೆ!” ಎಂದು ಕೂಗಿಕೊಂಡರು. ಹಾಲಮ್ಮಜ್ಜಿ ಎದ್ದು ನಿಂತು ಸೆರಗು ಬಿಗಿದರು.

“ಕರಿಬಸ್ಯಾ, ಕಾರು ತೆಗೆಸು. ಇವನ ಮೈಮೇಲೆ ಐತೆ. ದೊಡ್ಡದೇ ಐತೆ.”

ಬಾಗಿಲ ಮರೆಯಲ್ಲಿ ರೂಪಶ್ರೀಯ ಬಿಕ್ಕು ಕೇಳಿಸಿತು. ಅದು ಕೇಳಿದ್ದೇ ವಾಮದೇವಪ್ಪ ಗಿಟಾರನ್ನು ಹಿಡಿದುಕೊಂಡೇ ಅಜ್ಜಿಯ ಕಾಲ ಹತ್ತಿರ ಕೂತುಬಿಟ್ಟರು.

“ಅಜ್ಜೀ, ನನಗೆ ಗಾಳಿನೂ ಇಲ್ಲ, ಗೀಳಿನೂ ಇಲ್ಲ. ನಾನು ಸುಳ್ಳು ಹೇಳಿದೆ. ನನಗೆ ಗಿಟಾರು ಬರ್ತಿರ್ಲಿಲ್ಲ. ಉಕ್ಕಡಗಾತ್ರಿಗೂ ಹೋಗಿಲ್ಲ. ಹರಿಹರದಾಗೆ ಜಮಾಲ್‌ಸಾಬ್ರ ಹತ್ರ ಕಲೀತಿದ್ದೆ. ನನ್ನ ಮಗಳು ನಕ್ಕಳು ಅಂತ ಹೂಂ ಅಂದುಬಿಟ್ಟೆ. ನಿನ್ನೆ ಸರಿಯಾಗಿತ್ತಜ್ಜೀ, ಇವತ್ತು ಯಾಕ ಹಿಂಗಾತೋ ಗೊತ್ತಿಲ್ಲ!”

ಬಸವಪ್ರಭು ಮೆಲ್ಲಗೆ ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

“ಮಾವ, ನಾನು ಟ್ಯೂನ್ ಮಾಡ್ದೆ. ನಾಲ್ಕು ತಂತಿ ತಪ್ಪಾಗಿತ್ತು.”

“ಅಯ್ಯೋ ಪುಣ್ಯಾತ್ಮ! ಅದು ತಪ್ಪಲ್ಲ, ಅದೇ ರಾಜಿ!”

“ಯಾವ ಟ್ಯೂನಿಂಗ್ ಮಾವ ಅದು? ಹೆಸರು ಹೇಳ್ರಿ, ಈಗ್ಲೇ ಕೂಡಿಸ್ತೀನಿ.”

“ರಾಜಿ ಅಂತಲೇ ಹೆಸರು.”

ಹುಡುಗ ಮೊಬೈಲಿನಲ್ಲಿ ಹುಡುಕಿದ. ಆಸ್ತಿ ಜಗಳ ಬಗೆಹರಿಸುವ ಮೂವರು ವಕೀಲರ ವಿಳಾಸ ಸಿಕ್ಕಿತು. ಜಮಾಲ್‌ಸಾಬರಿಗೆ ಫೋನ್ ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಹಾರ್ಮೋನಿಯಂ ಒಳಗೆ ತಲೆ ತೂರಿಸಿ ಕೂತರೆ ಅವರು ಫೋನ್ ಎತ್ತುವವರಲ್ಲ. ವಾಮದೇವಪ್ಪ ಬಿರಡೆಗಳನ್ನು ನೋಡಿದರು. ‘ಅದು ಆಮೇಲೆ ಸಾಬ್ರೆ’ ಅಂದ ಅಷ್ಟೂ ಸಲ ಅವರಿಗೆ ಒಟ್ಟಿಗೇ ನೆನಪಾಗಿರಬೇಕು. ಒಂದನ್ನು ಹಿಡಿದು ತಿರುಗಿಸಿ ಮೀಟಿದರು. ಏನೂ ತಿಳಿಯದೆ ಕೈಬಿಟ್ಟರು.

“ಇನ್ನೂ ಇಳಸ್ರಿ.”

ಎಲ್ಲರೂ ತಿರುಗಿದರು. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ಕಸ್ತೂರಮ್ಮ ನಿಂತಿದ್ದರು.

“ಆ ಸಣ್ಣ ತಂತಿ ಇನ್ನೂ ಇಳೀಬೇಕು. ವಾರಗಟ್ಲೆ ಕೇಳೀನಿ, ನಂಗೊತ್ತಿಲ್ಲೇನು? ಇಳಸ್ರಿ. ಇನ್ನೊಂದು ಚೂರು. ಹಾಂ, ನಿಲ್ಲಸ್ರಿ!”

ವಾಮದೇವಪ್ಪ ನಿಲ್ಲಿಸಿದರು. “ಎರಡನೇದೂ ಹಂಗೇ” ಅಂದರು ಕಸ್ತೂರಮ್ಮ. ಅದೂ ಇಳಿಯಿತು. ಮೂರನೆಯದಕ್ಕೆ ಬಂದಾಗ ಅನ್ನಪೂರ್ಣಮ್ಮ ಹಿಂದಿನ ಸಾಲಿನಿಂದ ಎದ್ದರು.

“ಜಾಸ್ತಿ ಆತು ಕಸ್ತೂರಕ್ಕ! ಅದು ಕೂದಲೆಳೆ ಅಷ್ಟೇ ಇಳಿಯಾದು. ಇನ್ನೊಂಚೂರು ಏರಸ್ರಿ ಅಣ್ಣಾರೆ!”

“ನಿನಗೆ ಹೆಂಗೆ ಗೊತ್ತು?”

“ಗೋಡೆಗೆ ಕಿವಿ ಹಚ್ಚಿ ಕೇಳೀನಿ, ಗೊತ್ತಿಲ್ಲೇನು?”

ಗೋಡೆಗೆ ಕಿವಿ ಹಚ್ಚಿದ್ದನ್ನು ಅವರು ನಲವತ್ತು ಜನರ ಮುಂದೆ ಒಪ್ಪಿಕೊಂಡದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ದಪ್ಪ ತಂತಿಯ ವಿಷಯ ಬಂದಾಗ ನಾನೂ ಸುಮ್ಮನಿರಲಾಗಲಿಲ್ಲ. ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಊರಿ, “ಇಳಿಸಿ, ಇಳಿಸಿ, ಇನ್ನೂ ನನ್ನ ಮಂಡಿಗೆ ತಾಗ್ತಾ ಇದೆ, ಹಾಂ, ಈಗ ಬಂತು!” ಅಂದೆ. ಕರಿಬಸವರಾಜರು ತಾಳದವರಾದ್ದರಿಂದ ತಮ್ಮ ಅಭಿಪ್ರಾಯವನ್ನೂ ಕೊಟ್ಟರು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ.

“ಈಗ ಮೀಟ್ರಿ” ಅಂದರು ಕಸ್ತೂರಮ್ಮ.

ಧೋಂ.

ನಾನು, ಅನ್ನಪೂರ್ಣಮ್ಮ, ಕಸ್ತೂರಮ್ಮ ಮೂವರೂ ಒಟ್ಟಿಗೇ ಉಸಿರು ಬಿಟ್ಟೆವು. ವಾಮದೇವಪ್ಪ ಕಣ್ಣೊರೆಸಿಕೊಂಡು ಶುರು ಮಾಡಿದರು. ಕೊಳವೆ ಜಾರಿತು, ಐದಕ್ಕೆ ಹೋಯಿತು, ಏಳಕ್ಕೆ ಸ್ವಲ್ಪ ಮುಗ್ಗರಿಸಿತು, ಮನೆಗೆ ಬಂತು. ನಿಧಾನ, ತಪ್ಪು ತಪ್ಪು, ಆದರೂ ಲಾಲಿಯೇ. ಎರಡನೇ ಸಾಲಿಗೆ ಕಸ್ತೂರಮ್ಮ ಸೌಟು ಕೆಳಗಿಟ್ಟು ಸಣ್ಣ ದನಿಯಲ್ಲಿ ಗುನುಗಲು ಶುರುಮಾಡಿದರು. ಯಾವ ಲಾಲಿ ಅಂತ ಅವರಿಗೆ ನಾಲ್ಕನೇ ವಾರವೇ ಗೊತ್ತಾಗಿತ್ತಂತೆ. ಅದಕ್ಕೇ ಸುಮ್ಮನಿದ್ದರಂತೆ. ರೂಪಶ್ರೀ ಬಾಗಿಲ ಮರೆಯಿಂದ ಹೊರಗೆ ಬಂದು, ಎಲ್ಲರ ಮುಂದೆ, ನಿಶ್ಚಯದ ಸೀರೆ ಮುದ್ದೆಯಾಗುವುದನ್ನೂ ಲೆಕ್ಕಿಸದೆ ಅಪ್ಪನ ಪಕ್ಕ ಕೂತಳು.

ಮುಗಿದ ಮೇಲೆ ಎಲ್ಲರೂ ಹಾಲಮ್ಮಜ್ಜಿಯ ಮುಖ ನೋಡಿದರು. ಅಜ್ಜಿ ನಿಂತೇ ಇದ್ದರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಕುರ್ಚಿಯಲ್ಲಿ ಕೂತರು.

“ಇವನ ಮೈಮೇಲೆ ಐತೆ ಅಂದಿದ್ನಲ್ಲ, ಐತೆ. ಆದ್ರೆ ಈ ಗಿಟಾರಿನದು ಬಿಡಿಸಬ್ಯಾಡ್ರಿ, ಇರ್ಲಿ. ಸುಳ್ಳಿಂದು ಬಿಡಿಸ್ರಿ. ಅಜ್ಜಯ್ಯನ ಹೆಸರು ಹೇಳಿ ಹತ್ತು ವಾರ ತಪ್ಪಿಸ್ಯಾನೆ. ಇನ್ಮೇಲೆ ಹತ್ತು ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ಕರಿಬಸ್ಯಾ, ಉಂಗುರ ತೆಗಿ.”

ಉಂಗುರ ಆಯಿತು, ಊಟ ಆಯಿತು. ಎಲೆಯಡಿಕೆ ಹಾಕಿಕೊಳ್ಳುವಾಗ ಅಜ್ಜಿಗೆ ಏನೋ ನೆನಪಾಯಿತು. “ಅಲ್ಲಾ, ಇವನಿಗೆ ಗಾಳಿ ಅಂತ ನಮ್ಮ ಓಣಿಗೆ ಹೇಳಿಕಳಿಸಿದ ಪುಣ್ಯಾತ್ಮ ಯಾರು?” ಅಂದರು. ನಾನು ಚಾವಣಿಯ ಫ್ಯಾನು ನೋಡಿದೆ. ಅನ್ನಪೂರ್ಣಮ್ಮ ನನ್ನನ್ನು ನೋಡಿದರು. ಅವರು ನೋಡಿದ್ದರಿಂದ ಎಲ್ಲರೂ ನೋಡಿದರು.

ಮುಂದಿನ ಭಾನುವಾರ ಹರಿಹರದಿಂದ ಉಕ್ಕಡಗಾತ್ರಿ ಬಸ್ಸಿನಲ್ಲಿ ಅಜ್ಜಿ ಮುಂದಿನ ಸೀಟು. ಹಿಂದಿನ ಸೀಟಿನಲ್ಲಿ ಅಕ್ಕಿ ಚೀಲದಲ್ಲಿ ಸುತ್ತಿದ ಗಿಟಾರು ತಬ್ಬಿಕೊಂಡು ವಾಮದೇವಪ್ಪ. ಅವರ ಪಕ್ಕದಲ್ಲಿ, ಹತ್ತು ವಾರದ ಶಿಕ್ಷೆಗೆ, ನಾನು. ಕಿಟಕಿ ಕಡೆ ಸೀಟನ್ನು ಅವರು ನನಗೇ ಬಿಟ್ಟುಕೊಟ್ಟರು.